ನೆಟ್ಟ ಹಲ್ಲು, ಗಣಕದ ಕಣ್ಣು



ನಮ್ಮ ವರ್ಣಮಾಲೆಯ ಇಪ್ಪತ್ತೈದು ವರ್ಗೀಯ ವ್ಯಂಜನಗಳಲ್ಲಿ ಐದು ಅಕ್ಷರಗಳು ಹಲ್ಲಿನ ಸೊತ್ತು. ತ, ಥ, ದ, ಧ, ನ – ಇವನ್ನು ವ್ಯಾಕರಣಕಾರರು ದಂತ್ಯಗಳೆಂದು ಕರೆದರು. ನಾಲಿಗೆಯ ತುದಿ ಮೇಲಣ ಬಾಚಿಹಲ್ಲುಗಳ ಹಿಂಬದಿಯನ್ನು ತಾಗಿದಾಗಲೇ ಈ ಧ್ವನಿಗಳು ಸ್ಪಷ್ಟವಾಗಿ ಹೊರಡುತ್ತವೆ. ವರ್ಗದ ಹೊರಗಿನ ಸಕಾರಕ್ಕೂ ಹಲ್ಲಿನ ನೆರವು ಬೇಕು. ವಕಾರಕ್ಕೆ ಹಲ್ಲು, ತುಟಿ ಎರಡೂ ಬೇಕು. ಆದ್ದರಿಂದ ಮುಂದಿನ ನಾಲ್ಕು ಹಲ್ಲು ಉದುರಿದವನು ಅನ್ನವನ್ನಷ್ಟೇ ಅಲ್ಲ, ಅಕ್ಷರಗಳನ್ನೂ ಕಳೆದುಕೊಳ್ಳುತ್ತಾನೆ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತು ಮಾತನ್ನೇ ನಂಬಿ ಬದುಕಿದ ನನ್ನಂಥವನಿಗೆ ಇದು ಸಣ್ಣ ನಷ್ಟವಲ್ಲ. ಕನ್ನಡದ ಮೇಷ್ಟರು ದಂತವೈದ್ಯದ ವಿಷಯವನ್ನು ಏಕೆ ಎತ್ತಿಕೊಂಡರು ಎಂದು ಯಾರಾದರೂ ಕೇಳಿದರೆ, ತವರ್ಗವೇ ನನ್ನ ಉತ್ತರ.

ಹಲ್ಲು ಬಿದ್ದಾಗ ಕಣ್ಣಿಗೆ ಕಾಣುವ ನಷ್ಟಕ್ಕಿಂತ ಕಾಣದ ನಷ್ಟ ದೊಡ್ಡದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಜಗಿಯುವ ಸುಖವನ್ನು ಕುರಿತು ಮಾತ್ರ ಹೇಳುತ್ತದೆ. ಆದರೆ ಹಲ್ಲಿನ ಬೇರು ದವಡೆಯ ಎಲುಬಿಗೆ ಕೆಲಸ ಕೊಡುತ್ತಿರುತ್ತದೆ. ಪ್ರತಿಯೊಂದು ತುತ್ತಿನ ಒತ್ತಡವೂ ಆ ಎಲುಬನ್ನು ಎಚ್ಚರವಾಗಿಡುತ್ತದೆ. ಬೇರು ಹೋಯಿತೆಂದರೆ ಆ ಭಾಗದ ಎಲುಬು ವರ್ಷದಿಂದ ವರ್ಷಕ್ಕೆ ಸವೆದು ಕುಗ್ಗುತ್ತದೆ. ಕೆನ್ನೆ ಒಳಸರಿಯುತ್ತದೆ, ಮೂಗು ಗಲ್ಲಗಳ ನಡುವಣ ಅಂತರ ಕಿರಿದಾಗುತ್ತದೆ. ನಾವು ಮುಪ್ಪಿನ ಮುಖವೆಂದು ಕರೆಯುವುದರಲ್ಲಿ ಒಂದು ಪಾಲು ಹಲ್ಲಿಲ್ಲದ ದವಡೆಯ ಮುಖ. ಕಟ್ಟಿಸಿಕೊಂಡ ಹಲ್ಲುಸೆಟ್ಟು ಒಸಡಿನ ಮೇಲೆ ಕೂರುವುದೇ ಹೊರತು ಎಲುಬಿಗೆ ಕೆಲಸ ಕೊಡಲಾರದು. ಎಲುಬು ಕುಗ್ಗಿದಂತೆ ಸೆಟ್ಟು ಸಡಿಲವಾಗುತ್ತದೆ. ಸಭೆಯಲ್ಲಿ ಮಾತಾಡುವಾಗ, ನಾಲ್ಕು ಜನರೊಡನೆ ಉಣ್ಣುವಾಗ ಜಾರುತ್ತದೆ. ಎಷ್ಟೋ ಹಿರಿಯರು ಮದುವೆಯ ಪಂಕ್ತಿಯನ್ನು ತಪ್ಪಿಸಿಕೊಳ್ಳುವುದಕ್ಕೆ ಕಾರಣ ಹಸಿವಿಲ್ಲದಿರುವುದಲ್ಲ, ಈ ಸಂಕೋಚ.

ಬೇರನ್ನೇ ಮತ್ತೆ ನೆಡಬಹುದೇ? ಇಂಪ್ಲಾಂಟ್ ಎಂದು ಎಲ್ಲರೂ ಕರೆಯುವ ಚಿಕಿತ್ಸೆ ಈ ಪ್ರಶ್ನೆಗೆ ಬಂದ ಉತ್ತರ. ಕನ್ನಡದಲ್ಲಿ ಅದನ್ನು ಹಲ್ಲಿನ ನಾಟಿ ಎನ್ನಬಹುದು. ಹಿಡಿದು ನಿಲ್ಲುವ ಕೆಲಸವನ್ನು ನೆಲವೇ ಮಾಡಬೇಕೆಂಬುದು ಗದ್ದೆಯ ನಾಟಿಗೂ ದವಡೆಯ ನಾಟಿಗೂ ಸಮಾನ.

ಆ ನೆಲ ಹಿಡಿಯುತ್ತದೆಂಬುದು ಗೊತ್ತಾದದ್ದು ಆಕಸ್ಮಿಕವಾಗಿ. ಸ್ವೀಡನ್ ದೇಶದ ಲುಂಡ್ ನಗರದಲ್ಲಿ 1952ರಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ವಿಜ್ಞಾನಿ ಎಲುಬಿನೊಳಗಣ ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಅದಕ್ಕಾಗಿ ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂ ಲೋಹದ ಪುಟ್ಟದೊಂದು ವೀಕ್ಷಣಕೋಶವನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಕೋಶ ಕದಲಲಿಲ್ಲ. ಎಲುಬು ಲೋಹವನ್ನು ತನ್ನದೆಂದು ಅಪ್ಪಿಕೊಂಡಿತ್ತು. ರಕ್ತಸಂಚಾರದ ಅಭ್ಯಾಸಿ ಅಂದಿನಿಂದ ಈ ಅಪ್ಪುಗೆಯ ಅಭ್ಯಾಸಿಯಾದರು. 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಅವರು ಮೊದಲ ರೋಗಿಯ ಕೆಳದವಡೆಯಲ್ಲಿ ನಾಲ್ಕು ಟೈಟಾನಿಯಂ ತಿರುಪುಗಳನ್ನು ನೆಟ್ಟರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕಗಳ ಕಾಲ ಆ ತಿರುಪುಗಳು ಕೆಲಸ ಮಾಡಿದವು. ನಮ್ಮ ಮಣಿಪಾಲದಲ್ಲಿ ದಂತವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1965ರಲ್ಲಿ ಎಂದರೆ ಕಾಲದ ಅಂದಾಜು ಸಿಕ್ಕೀತು. ಎಲುಬು ಲೋಹಗಳ ಈ ಬೆಸುಗೆಯನ್ನು ವೈದ್ಯಲೋಕ ಬಹುಕಾಲ ಅನುಮಾನದಿಂದಲೇ ನೋಡಿತು. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ಅನಂತರವಷ್ಟೇ ಅದಕ್ಕೆ ವ್ಯಾಪಕ ಮನ್ನಣೆ ದೊರೆಯಿತು.

ಹಾಗಾದರೆ ಮೂಲ ಸಮಸ್ಯೆ ಅಂದೇ ಬಗೆಹರಿದಿತ್ತು. ಗಣಕಯಂತ್ರಕ್ಕೆ ಇಲ್ಲೇನು ಕೆಲಸ? ಎಲುಬು ತಿರುಪನ್ನು ಹಿಡಿಯುತ್ತದೆಂಬುದು ಗೊತ್ತಾಯಿತು, ನಿಜ. ಆದರೆ ತಿರುಪನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾವ ಓರೆಯಲ್ಲಿ ಇಳಿಸಬೇಕು? ವೈದ್ಯನ ಕಣ್ಣಿಗೆ ಕಾಣುವುದು ಒಸಡು. ಒಸಡಿನ ಕೆಳಗೆ ಎಲುಬು ಬೆಟ್ಟದ ಬೆನ್ನಿನಂತೆ ಅಗಲವಾಗಿದೆಯೋ, ಕತ್ತಿಯ ಅಲಗಿನಂತೆ ತೆಳುವಾಗಿದೆಯೋ ಹೊರಗಿನಿಂದ ತಿಳಿಯದು. ಮೇಲ್ದವಡೆಯ ಹಿಂಭಾಗದಲ್ಲಿ ಎಲುಬಿನ ಮೇಲೆಯೇ ಗಾಳಿಯ ಕುಹರವೊಂದಿದೆ. ಕೆಳದವಡೆಯೊಳಗೆ ಸುರಂಗದಂಥ ಒಂದು ನಾಳವಿದ್ದು, ಅದರಲ್ಲಿ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನು ಒಯ್ಯುವ ನರ ಹರಿಯುತ್ತದೆ. ಕೊರೆಯುವ ಮೊನೆ ಆ ನರಕ್ಕೆ ಗಾಸಿ ಮಾಡಿದರೆ ತುಟಿಯ ಒಂದು ಪಾರ್ಶ್ವ ಜೋಮು ಹಿಡಿಯುತ್ತದೆ. ಕೆಲವರಿಗೆ ಅದು ಕೊನೆಯವರೆಗೂ ಬಿಡುವುದಿಲ್ಲ. ತುಟಿ ಚಲಿಸುವುದೇನೋ ನಿಲ್ಲದು, ಆದರೆ ಅದು ತನ್ನದೆಂಬ ಅರಿವು ಹೋಗುತ್ತದೆ: ಕುಡಿದ ನೀರು ಅಂಚಿನಲ್ಲಿ ಸೋರಿದ್ದು ತಿಳಿಯದು, ಉಣ್ಣುವಾಗ ತುಟಿಯನ್ನೇ ಕಚ್ಚಿಕೊಳ್ಳುವುದುಂಟು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ತವರ್ಗದ ಜೊತೆಗೆ ಕಡಲೆಯನ್ನೂ ಮರಳಿ ತರಹೋದವನು ಪವರ್ಗವನ್ನು ಒತ್ತೆಯಿಟ್ಟಂತಾಗುತ್ತದೆ. ಹೀಗಾಗಿ ಈ ಚಿಕಿತ್ಸೆಯಲ್ಲಿ ಒಂದೆರಡು ಮಿಲಿಮೀಟರುಗಳ ಅಂತರ ಬರಿಯ ಲೆಕ್ಕದ ಮಾತಲ್ಲ.

ಹಿಂದಿನ ವೈದ್ಯರ ಆಸರೆ ಕ್ಷ-ಕಿರಣದ ಚಿತ್ರ. ರಾಂಟ್‌ಗೆನ್ 1895ರಲ್ಲಿ ಆ ಕಿರಣಗಳನ್ನು ಕಂಡುಹಿಡಿದ ಮೇಲೆ ದಂತವೈದ್ಯ ಅವನ್ನು ಬಹುಬೇಗ ಬಳಸಿಕೊಂಡಿತು. ಎರಡೂ ದವಡೆಗಳನ್ನು ಒಂದೇ ಹಾಳೆಯಲ್ಲಿ ಹರಡಿ ತೋರಿಸುವ, ಓಪಿಜಿ ಎಂಬ ಅಗಲ ಚಿತ್ರವನ್ನು ನಿಮ್ಮಲ್ಲಿ ಹಲವರು ತೆಗೆಸಿರಬಹುದು. ಅದು ಉಪಯುಕ್ತವಾದದ್ದೇ. ಆದರೆ ಅದು ನೆರಳು. ನೆರಳಿಗೆ ಎತ್ತರವುಂಟು, ದಪ್ಪವಿಲ್ಲ. ಜೊತೆಗೆ ಆ ಎತ್ತರವೂ ನಿಜಕ್ಕಿಂತ ಹಿಗ್ಗಿರುತ್ತದೆ. ಹಳೆಯ ವೈದ್ಯರು ಅಳತೆ ಗೊತ್ತಿರುವ ಉಕ್ಕಿನ ಗುಂಡೊಂದನ್ನು ಬಾಯಲ್ಲಿರಿಸಿ ಚಿತ್ರ ತೆಗೆಸಿ, ಗುಂಡು ಎಷ್ಟು ಹಿಗ್ಗಿದೆಯೆಂದು ನೋಡಿ ಎಲುಬಿನ ಅಳತೆಯನ್ನು ತಿದ್ದಿಕೊಳ್ಳುತ್ತಿದ್ದರು. ದಪ್ಪವನ್ನು ಬೆರಳಿನಿಂದ ಒತ್ತಿ ಊಹಿಸುತ್ತಿದ್ದರು. ಉಳಿದದ್ದನ್ನು ಒಸಡನ್ನು ಬಿಡಿಸಿದ ಮೇಲೆ ನೋಡುತ್ತಿದ್ದರು. ಅಷ್ಟರಿಂದಲೇ ಅವರು ಸಾವಿರಾರು ಜನರ ಬಾಯಿಯನ್ನು ಸರಿಪಡಿಸಿದರೆಂಬುದು ಅವರ ಕೈಚಳಕಕ್ಕೆ ಸಾಕ್ಷಿ.

ನೆರಳಿಗೆ ದಪ್ಪ ಬಂದದ್ದು ಗಣಕದಿಂದ. ಮರದ ನೆರಳನ್ನು ಒಂದು ದಿಕ್ಕಿನಿಂದ ಕಂಡವನಿಗೆ ಕೊಂಬೆ ಮುಂದಿದೆಯೋ ಹಿಂದಿದೆಯೋ ತಿಳಿಯದು. ಮರದ ಸುತ್ತ ನಡೆಯುತ್ತ ನೂರಾರು ನೆರಳುಗಳನ್ನು ಗುರುತಿಟ್ಟುಕೊಂಡರೆ, ಅವುಗಳಿಂದ ಮರದ ನಿಜರೂಪವನ್ನು ಲೆಕ್ಕಹಾಕಿ ಕಟ್ಟಬಹುದು. ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಈ ತತ್ತ್ವದಿಂದ ರೂಪಿಸಿದ ಯಂತ್ರ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಸಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಇದೇ ಸಿ.ಟಿ. ಸ್ಕ್ಯಾನ್. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಕಂಡಿದ್ದ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆ ದೊಡ್ಡ ಯಂತ್ರದ ಚಿಕ್ಕ ತಂಗಿಯೆನ್ನಬಹುದಾದ ಕೋನ್‌ಬೀಮ್ ಯಂತ್ರ 1990ರ ದಶಕದ ಕೊನೆಯಲ್ಲಿ ಇಟಲಿ, ಜಪಾನ್‌ಗಳಲ್ಲಿ ರೂಪುಗೊಂಡಿತು. ಶಂಕುವಿನಾಕಾರದಲ್ಲಿ ಹರಡುವ ಕಿರಣ ತಲೆಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ, ಅಂದರೆ ಅರ್ಧ ನಿಮಿಷದೊಳಗೆ, ದವಡೆಯ ಪೂರ್ಣರೂಪ ಗಣಕದಲ್ಲಿ ಸಿದ್ಧ. ಎಲುಬನ್ನು ಬೇಕಾದ ಕಡೆ ಕೊಯ್ದು ನೋಡಬಹುದು. ಕೊಯ್ಯುವುದು ಚಿತ್ರವನ್ನಷ್ಟೇ, ರೋಗಿಯನ್ನಲ್ಲ. ಕಿರಣದ ಪ್ರಮಾಣ ದೊಡ್ಡ ಸ್ಕ್ಯಾನಿಗಿಂತ ಸಾಮಾನ್ಯವಾಗಿ ಕಡಮೆ; ಆದರೆ ಹಲ್ಲಿನ ಸಾಧಾರಣ ಕ್ಷ-ಕಿರಣ ಚಿತ್ರಕ್ಕಿಂತ ಹೆಚ್ಚು. ಆದುದರಿಂದ ಕುತೂಹಲಕ್ಕಾಗಿ ತೆಗೆಸುವಂಥದಲ್ಲ.

ನನ್ನ ಸ್ವಂತ ದವಡೆಯನ್ನು ಹೀಗೆ ಕಂಡದ್ದು ನನಗೊಂದು ವಿಚಿತ್ರ ಅನುಭವ. ವೈದ್ಯೆ ನನ್ನ ಶಿಷ್ಯವೃಂದದ ವಯಸ್ಸಿನವರು. ತೆರೆಯ ಮೇಲೆ ನನ್ನ ಕೆಳದವಡೆಯನ್ನು ತಿರುಗಿಸಿ, ಅದರೊಳಗಣ ನರದ ನಾಳವನ್ನು ಕೆಂಪು ಎಳೆಯಾಗಿ ಗುರುತಿಸಿದರು. “ಸರ್, ಈ ಎಳೆಯನ್ನು ನಾವು ಮುಟ್ಟುವ ಹಾಗಿಲ್ಲ. ಎರಡು ಮಿಲಿಮೀಟರು ದೂರದಲ್ಲೇ ನಿಲ್ಲಬೇಕು” ಎಂದರು. ಅಗಲ ಚಿತ್ರದಲ್ಲಿ ಹದಿಮೂರು ಮಿಲಿಮೀಟರಿನಷ್ಟು ತೋರಿದ್ದ ಎಲುಬಿನ ಎತ್ತರ ಇಲ್ಲಿ ಹತ್ತೂವರೆ. ಅದರಲ್ಲಿ ಎರಡು ಕಳೆದರೆ ಉಳಿಯುವುದು ಎಂಟೂವರೆ. ಆದ್ದರಿಂದ ಹತ್ತರ ತಿರುಪನ್ನು ಬಿಟ್ಟು ಎಂಟರದನ್ನು ಆರಿಸಿದರು. ಒಂದನೆಯ ತರಗತಿಯ ಕಳೆಯುವ ಲೆಕ್ಕ. ಆದರೆ ನನ್ನ ತುಟಿಯ ಅರಿವು ಆ ಲೆಕ್ಕದ ಮೇಲೆ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು ಸಂಗತಿ: ಆ ಲೆಕ್ಕವನ್ನು ಅವರು ನನ್ನೆದುರಿಗೇ ಮಾಡಿದರು. ವೈದ್ಯರ ಬೆರಳಿನೊಳಗೆ ಅಡಗಿರುತ್ತಿದ್ದ ತಿಳಿವಳಿಕೆ ಇಬ್ಬರೂ ನೋಡಬಹುದಾದ ಒಂದು ಚಿತ್ರವಾಗಿತ್ತು. ನಾನು ಪ್ರಶ್ನೆ ಕೇಳಬಹುದಾಗಿತ್ತು, ಕೇಳಿದೆ, ಬೇಡವೆನ್ನಬಹುದಾಗಿತ್ತು, ಒಪ್ಪಿದೆ.

ಗಣಕದ ಎರಡನೆಯ ಕೊಡುಗೆ ಬಾಯಿಯ ಅಚ್ಚಿಗೆ ಸಂಬಂಧಿಸಿದ್ದು. ಹಲ್ಲು ಕಟ್ಟಿಸಿಕೊಂಡವರಿಗೆಲ್ಲ ಆ ಹಿಟ್ಟಿನ ಮುದ್ದೆಯ ನೆನಪಿದ್ದೇ ಇರುತ್ತದೆ: ತಟ್ಟೆಯ ತುಂಬ ಮೆತ್ತನೆಯ ಪದಾರ್ಥವನ್ನು ಬಾಯಿಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ಓಕರಿಕೆಯನ್ನು ತಡೆದುಕೊಂಡು ಕೂರುವುದು. ಈಗ ದಪ್ಪ ಲೇಖನಿಯಂಥ ಕ್ಯಾಮೆರಾವೊಂದನ್ನು ಹಲ್ಲುಗಳ ಮೇಲೆ ಆಡಿಸಿದರೆ ಅವುಗಳ ಮೇಲ್ಮೈ ತೆರೆಯ ಮೇಲೆ ಮೂಡುತ್ತದೆ. ಈ ಮೇಲ್ಮೈಯನ್ನು ಎಲುಬಿನ ಚಿತ್ರದೊಡನೆ, ಹಲ್ಲಿಗೆ ಹಲ್ಲು ಹೊಂದಿಸಿ, ಒಂದಾಗಿ ಕೂಡಿಸುತ್ತಾರೆ. ಆಗ ಯೋಜನೆಯ ಕ್ರಮವೇ ತಲೆಕೆಳಗಾಗುತ್ತದೆ. ಮೊದಲು ಎಲುಬು ಎಲ್ಲಿ ಸಿಕ್ಕಿತೋ ಅಲ್ಲಿ ತಿರುಪನ್ನು ನೆಟ್ಟು, ಆಮೇಲೆ ಅದಕ್ಕೊಪ್ಪುವ ಹಲ್ಲನ್ನು ಹೇಗೋ ಮಾಡುವ ವಾಡಿಕೆಯಿತ್ತು. ಈಗ ಹಲ್ಲು ಎಲ್ಲಿರಬೇಕು, ಎದುರು ಹಲ್ಲಿಗೆ ಹೇಗೆ ತಾಗಬೇಕು, ನಾಲಿಗೆ ಎಲ್ಲಿ ತಾಗಬೇಕು ಎಂಬುದನ್ನು ಮೊದಲು ನಿರ್ಣಯಿಸಿ, ಅಲ್ಲಿಂದ ಹಿಂದಕ್ಕೆ ಬೇರಿನ ಸ್ಥಾನವನ್ನು ಹುಡುಕುತ್ತಾರೆ. ಅರ್ಥ ನಿಶ್ಚಯವಾದ ಮೇಲೆ ವಾಕ್ಯವನ್ನು ಕಟ್ಟುವಂಥ ಕ್ರಮ ಇದು. ಒಂದು ಮಾತನ್ನು ಮಾತ್ರ ಸೇರಿಸಬೇಕು. ಹಲ್ಲೇ ಇಲ್ಲದ ನುಣುಪಾದ ಒಸಡಿನ ಮೇಲೆ ಗುರುತು ಹಿಡಿಯುವುದು ಈ ಕ್ಯಾಮೆರಾಕ್ಕೆ ಕಷ್ಟ. ಪೂರ್ತಿ ಬೊಚ್ಚುಬಾಯಿಗೆ ಹಳೆಯ ಅಚ್ಚು ಇನ್ನೂ ನಿವೃತ್ತವಾಗಿಲ್ಲ.

ಮೂರನೆಯದು ತೆರೆಯ ಮೇಲಣ ಯೋಜನೆಯನ್ನು ಬಾಯೊಳಕ್ಕೆ ತರುವ ವಿಧಾನ. ಗಣಕದ ಲೆಕ್ಕಕ್ಕೆ ಅನುಸಾರವಾಗಿ ಮೂರು ಆಯಾಮದ ಮುದ್ರಣಯಂತ್ರ ರಾಳದ ಪುಟ್ಟ ಕವಚವೊಂದನ್ನು ಪದರದ ಮೇಲೆ ಪದರವಾಗಿ ಕಟ್ಟುತ್ತದೆ. ಅಕ್ಕಪಕ್ಕದ ಹಲ್ಲುಗಳ ಮೇಲೆ ಈ ಕವಚ ಬಿಗಿಯಾಗಿ ಕೂರುತ್ತದೆ. ಅದರಲ್ಲೊಂದು ತೂತು, ಕೊರೆಯುವ ಮೊನೆ ಆ ತೂತಿನ ಮೂಲಕವೇ ಇಳಿಯಬೇಕು, ಗೊತ್ತಾದ ಆಳದಲ್ಲಿ ನಿಲ್ಲಬೇಕು. ಎಲುಬು ಸಾಕಷ್ಟಿರುವ ಕೆಲವರಲ್ಲಿ ಒಸಡನ್ನು ಉದ್ದಕ್ಕೆ ಬಿಡಿಸುವ ಅಗತ್ಯವೇ ಇರದು; ನೋವು, ಬಾವು ಕಡಮೆಯಾಗುತ್ತವೆ. ಆದರೆ ಕವಚದಿಂದ ತಪ್ಪು ಸೊನ್ನೆಯಾಗುವುದಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರ ಪ್ರಕಾರ, ಯೋಜನೆಗೂ ನಿಜವಾಗಿ ನೆಟ್ಟ ತಿರುಪಿಗೂ ನಡುವೆ ಸರಾಸರಿಯಲ್ಲಿ ಬಾಯಿಯ ಕಡೆ 1.2 ಮಿಲಿಮೀಟರು, ತುದಿಯ ಕಡೆ 1.4 ಮಿಲಿಮೀಟರು, ಓರೆಯಲ್ಲಿ 3.5 ಡಿಗ್ರಿ ವ್ಯತ್ಯಾಸ ಉಳಿಯುತ್ತದೆ. ವೈದ್ಯರು ನರದಿಂದ ಎರಡು ಮಿಲಿಮೀಟರು ದೂರ ಕಾಯುವುದರ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ. ಯಂತ್ರವನ್ನು ನಂಬುವವನೇ ಯಂತ್ರದ ತಪ್ಪಿಗೂ ಜಾಗ ಬಿಟ್ಟಿರುತ್ತಾನೆ.

ಡಿಜಿಟಲ್ ಎಂಬ ಮಾತಿನ ಹುಟ್ಟು ಇಲ್ಲಿ ನೆನಪಾಗುತ್ತದೆ. ಲ್ಯಾಟಿನ್ನಿನ ಡಿಜಿಟಸ್ ಎಂದರೆ ಬೆರಳು. ಬೆರಳೆಣಿಸಿ ಲೆಕ್ಕ ಮಾಡುತ್ತಿದ್ದ ಮನುಷ್ಯ ಅಂಕೆಗೂ ಅದೇ ಹೆಸರನ್ನಿಟ್ಟ. ದಂತವೈದ್ಯದಲ್ಲಿ ನಡೆದಿರುವುದೂ ಬೆರಳಿನಿಂದ ಅಂಕೆಗೆ ನಡೆದ ಪಯಣವೇ. ಆ ಪಯಣ ಇನ್ನೂ ಮುಂದಕ್ಕೆ ಹೋಗಿದೆ. ಕ್ಯಾಮೆರಾಗಳು ವೈದ್ಯರ ಕೈಯನ್ನೂ ರೋಗಿಯ ದವಡೆಯನ್ನೂ ಏಕಕಾಲದಲ್ಲಿ ಗಮನಿಸುತ್ತ, ಮೊನೆ ಎಲುಬಿನೊಳಗೆ ಎಲ್ಲಿದೆಯೆಂದು ಕ್ಷಣಕ್ಷಣಕ್ಕೂ ತೆರೆಯ ಮೇಲೆ ತೋರಿಸುವ ಪದ್ಧತಿ ಬಂದಿದೆ. ವೈದ್ಯರ ಕೈ ದಾರಿ ಬಿಟ್ಟರೆ ತಡೆಯುವ ಯೋಮಿ ಎಂಬ ಯಂತ್ರತೋಳಿಗೆ ಅಮೆರಿಕದ ಸರ್ಕಾರ 2016ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. 2017ರಲ್ಲಿ ಚೀನದ ಶಿಆನ್ ನಗರದಲ್ಲಿ ಯಂತ್ರಮಾನವನೊಬ್ಬ, ವೈದ್ಯರು ಪಕ್ಕದಲ್ಲಿ ನಿಂತು ನೋಡುತ್ತಿರುವಂತೆ, ಮಹಿಳೆಯೊಬ್ಬರ ದವಡೆಯಲ್ಲಿ ತಾನೇ ಎರಡು ತಿರುಪುಗಳನ್ನು ನೆಟ್ಟ. ಆದರೂ ಎಲುಬು ಗಟ್ಟಿಯೋ ಮೆದುವೋ ಎಂಬ ಸೂಕ್ಷ್ಮವನ್ನು ಕೊರೆಯುವಾಗ ಅರಿಯುವ ಬೆರಳಿಗೆ ಬೆಲೆ ಹೋಗಿಲ್ಲ. ಅಂಕೆ ದಾರಿ ತೋರಿಸುತ್ತದೆ; ಆ ದಾರಿಯಲ್ಲಿ ನಡೆಯಬೇಕೋ ನಿಲ್ಲಬೇಕೋ ಎಂದು ನಿರ್ಣಯಿಸುವವರು ಒಬ್ಬರಿರಬೇಕು.

ತಿರುಪಿನ ಮೇಲೆ ಕೂರುವ ಹಲ್ಲಿನ ಕಥೆಯೂ ಬದಲಾಗಿದೆ. ಗಣಕದಲ್ಲಿ ಆಕಾರ ಬರೆದು ಯಂತ್ರದಲ್ಲಿ ಕಡೆಯುವ ಪ್ರಯತ್ನ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ 1985ರಲ್ಲೇ ವರ್ನರ್ ಮೋರ್ಮನ್ ಈ ರೀತಿ ಕಡೆದ ಪಿಂಗಾಣಿಯ ತುಂಬುವಿಕೆಯನ್ನು ರೋಗಿಯೊಬ್ಬರ ಹಲ್ಲಿಗೆ ಕೂರಿಸಿದ್ದರು. ಇಂದು ಜಿರ್ಕೋನಿಯಾ ಎಂಬ ಗಟ್ಟಿ ಪದಾರ್ಥದ ದಿಂಡಿನಿಂದ, ಶಿಲ್ಪಿ ಕಲ್ಲನ್ನು ಕಡೆಯುವಂತೆ, ಯಂತ್ರ ಹಲ್ಲನ್ನು ಕಡೆಯುತ್ತದೆ. ಮುಂದೆಂದಾದರೂ ಆ ಹಲ್ಲು ಒಡೆದರೆ ಅದರ ಆಕಾರ ಗಣಕದಲ್ಲಿ ಉಳಿದಿರುತ್ತದೆ. ಅದರಂಥದೇ ಇನ್ನೊಂದನ್ನು ಮಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಗಣಕ ಮಾಡಲಾರದ್ದನ್ನೂ ಹೇಳದಿದ್ದರೆ ನನ್ನ ಮಾತು ಜಾಹೀರಾತಾದೀತು. ಎಲುಬು ಲೋಹವನ್ನು ಅಪ್ಪಿಕೊಳ್ಳುವ ಕಾಲವನ್ನು ಯಾವ ಗಣಕವೂ ಕ್ಷಣಗಳಿಗೆ ಇಳಿಸಿಲ್ಲ. ಬ್ರೋನೆಮಾರ್ಕರು ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕೆಂದಿದ್ದರು. ತಿರುಪಿನ ಮೇಲ್ಮೈಯನ್ನು ಒರಟುಗೊಳಿಸಿದ ಮೇಲೆ ಈ ಅವಧಿ ಎಷ್ಟೋ ಜನರಲ್ಲಿ ಕಡಮೆಯಾಗಿದೆ, ಆದರೂ ವಾರಗಳ ಲೆಕ್ಕ ತಪ್ಪಿಲ್ಲ. ಒಂದೇ ದಿನದಲ್ಲಿ ಹಲ್ಲು ಎಂದು ಬರೆದ ಫಲಕಗಳನ್ನು ಈಗ ಊರೂರಲ್ಲಿ ಕಾಣುತ್ತೇವೆ. ತಿರುಪು ಮೊದಲ ದಿನವೇ ಬಿಗಿಯಾಗಿ ಕೂತರೆ ಅದೇ ದಿನ ತಾತ್ಕಾಲಿಕವಾದ ಹಲ್ಲನ್ನು ಕೂರಿಸುವುದು ಸಾಧ್ಯ, ಸುಳ್ಳಲ್ಲ. ಆದರೆ ಒಳಗಿನ ಬೆಸುಗೆ ಆ ದಿನ ಆಗಿರುವುದಿಲ್ಲ. ಕಡಲೆಗೆ ಇನ್ನೂ ಕಾಯಬೇಕು. ಹಾಗೆಯೇ ಕೊರೆಯುವಾಗ ಹುಟ್ಟುವ ಕಾವು. ಎಲುಬಿನ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್ಸಿಗೆ ಏರಿ ಒಂದು ನಿಮಿಷ ನಿಂತರೆ ಎಲುಬಿಗೆ ಹಾನಿಯಾಗುತ್ತದೆಂದು 1983ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದರು. ಕವಚ ಮುಚ್ಚಿದ ಕಡೆ ತಣ್ಣೀರು ಒಳಕ್ಕೆ ಇಳಿಯುವುದು ಕಷ್ಟ. ಆದ್ದರಿಂದ ಹೊಸ ವಿಧಾನಕ್ಕೆ ಹೆಚ್ಚಿನ ಎಚ್ಚರ ಬೇಕು.

ಉಳಿದ ಹೊಣೆ ರೋಗಿಯದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳ ಅಭ್ಯಾಸ, ಒಸಡಿನ ಹಳೆಯ ರೋಗ – ಇವು ನೆಟ್ಟ ಹಲ್ಲಿಗೆ ವೈರಿಗಳು. ಎಲುಬು ಸವೆಯುವ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ದವಡೆಯ ಗಾಯ ಮಾಯುವುದಕ್ಕೆ ಅಡ್ಡಿಯಾಗುತ್ತವೆ. ಅಂಥ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನೆಟ್ಟ ಹಲ್ಲಿಗೆ ಹುಳುಕು ಹಿಡಿಯದು, ನಿಜ. ಆದರೆ ಅದರ ಬುಡದ ಒಸಡಿಗೆ ರೋಗ ಹತ್ತಿ, ಎಲುಬು ಕರಗಿ, ತಿರುಪು ಕಳಚಿಬರಬಹುದು. ಹುಟ್ಟಿದ ಹಲ್ಲನ್ನು ಕಡೆಗಣಿಸಿ ಕಳೆದುಕೊಂಡವನು ನೆಟ್ಟ ಹಲ್ಲನ್ನೂ ಹಾಗೆಯೇ ಕಳೆದುಕೊಂಡಾನು.

ಖರ್ಚಿನ ಮಾತನ್ನು ಮರೆಮಾಚುವಂತಿಲ್ಲ. ನಿವೃತ್ತಿವೇತನದ ಸಂಸಾರಕ್ಕೆ ಇದು ಹಗುರವಲ್ಲ. ದಿನಗೂಲಿಯ ಮನೆಗೆ ದೂರದ ಮಾತು. ಗಣಕವು ಚಿಕಿತ್ಸೆಯನ್ನು ನಿಖರಗೊಳಿಸಿದೆಯಾದರೂ ಎಲ್ಲರ ಕೈಗೆಟುಕುವಂತೆ ಮಾಡಿಲ್ಲ. ಚೆನ್ನಾಗಿ ಮಾಡಿಸಿದ ಹಲ್ಲುಸೆಟ್ಟಿನಲ್ಲಿ ಅವಮಾನವೇನೂ ಇಲ್ಲ. ಅಥವಾ ಕೆಳದವಡೆಯಲ್ಲಿ ಎರಡೇ ತಿರುಪು ನೆಟ್ಟು, ಗುಂಡಿ ಹಾಕಿದಂತೆ ಸೆಟ್ಟನ್ನು ಅವುಗಳಿಗೆ ಸಿಕ್ಕಿಸುವ ಮಧ್ಯಮಮಾರ್ಗವೂ ಉಂಟು. ಜಾರುವ ಸೆಟ್ಟಿನಿಂದ ಬೇಸತ್ತವರು ಇದನ್ನು ಕುರಿತು ವಿಚಾರಿಸಬಹುದು.

ನನ್ನ ಓರಗೆಯವರಿಗೆ ನಾನು ಹೇಳಬಯಸುವುದು ಇಷ್ಟೇ. ಈ ವಯಸ್ಸಿನಲ್ಲಿ ಹಲ್ಲೇಕೆ ಎಂದು ಮಕ್ಕಳ ಮುಖ ನೋಡಿ ಸುಮ್ಮನಾಗಬೇಡಿ. ಹಾಗೆಯೇ, ಹೊಳೆಯುವ ಯಂತ್ರವಿದೆಯೆಂಬ ಒಂದೇ ಕಾರಣಕ್ಕೆ ಕುರ್ಚಿಯ ಮೇಲೆ ಒರಗಿ ಬಾಯಿ ತೆರೆಯಲೂ ಬೇಡಿ. ಮೊದಲು ನಿಮ್ಮ ದವಡೆಯ ಚಿತ್ರವನ್ನು ತೋರಿಸಿರೆಂದು ಕೇಳಿ. ನರ ಎಲ್ಲಿದೆ, ಎಲುಬು ಎಷ್ಟಿದೆ, ಎಷ್ಟು ದೂರ ಬಿಡುತ್ತೀರಿ, ಎಷ್ಟು ದಿನ ಕಾಯಬೇಕು ಎಂದು ಕೇಳಿ. ಹಿಂದೆ ಈ ಪ್ರಶ್ನೆಗಳಿಗೆ ವೈದ್ಯರ ಅನುಭವವೊಂದೇ ಉತ್ತರವಾಗಿತ್ತು. ಇಂದು ಆ ಉತ್ತರವನ್ನು ನಿಮ್ಮ ಕಣ್ಣಿಗೆ ತೋರಿಸುವ ಸಾಧನ ಅವರ ಮೇಜಿನ ಮೇಲಿದೆ. ತೋರಿಸಲು ಬಿಡುವಿಲ್ಲದ ವೈದ್ಯರಿಗಿಂತ ಬಿಡುವು ಮಾಡಿಕೊಂಡು ತೋರಿಸುವ ವೈದ್ಯರು ಮೇಲು.